ತುರ್ತು ಗುಂಪಿನಲ್ಲಿ ಐವತ್ತೆರಡು ನಿಮಿಷ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳ ಗಮನಕ್ಕೆ, ಅದು ಬಿಡುವಾಗಿದ್ದಲ್ಲಿ,

ನಿಮ್ಮ ಆಸ್ಪತ್ರೆಯ ಫೋನ್ ಕರೆಗಳಿಗೆ ಉತ್ತರಿಸುವ ಸರಾಸರಿ ಸಮಯ ನಾಲ್ಕು ಸೆಕೆಂಡಿನಿಂದ ಹನ್ನೊಂದು ಸೆಕೆಂಡಿಗೆ ಏರಿದ್ದೇಕೆ ಎಂದು ಕಾರಣ ಕೇಳಿ ನೀವು ಕಳಿಸಿದ ನೋಟಿಸ್ ನನ್ನ ಕೈ ಸೇರಿದೆ. ಮೂರು ದಿನದೊಳಗೆ ಸಮಜಾಯಿಷಿ ಕೊಡಬೇಕು, ಇಲ್ಲವಾದರೆ ಗುತ್ತಿಗೆ ರದ್ದು ಎಂದಿದ್ದೀರಿ. ಏಳು ಸೆಕೆಂಡುಗಳ ಬಗ್ಗೆ ನಿಮಗಿರುವ ಈ ಕಳಕಳಿ ಕಂಡು ಕಣ್ಣು ತುಂಬಿ ಬಂತು. ಇದೇ ಆಸ್ಪತ್ರೆಯ ತುರ್ತು ಸಂಖ್ಯೆಗೆ ಕರೆ ಮಾಡಿ ನನ್ನ ಹೆಂಡತಿ ಐವತ್ತೆರಡು ನಿಮಿಷ ಕಾದಳು. ಅದರ ಬಗ್ಗೆ ನಾನು ಎರಡು ದೂರು ಬರೆದುಕೊಟ್ಟೆ. ಎರಡಕ್ಕೂ ಉತ್ತರವಿಲ್ಲ. ಐವತ್ತೆರಡು ನಿಮಿಷ ಕಾಣದ ಕಣ್ಣಿಗೆ ಏಳು ಸೆಕೆಂಡು ಹೇಗೆ ಕಂಡಿತು? ಅದನ್ನು ವಿವರಿಸುವುದೇ ಈ ಸಮಜಾಯಿಷಿಯ ಉದ್ದೇಶ.

ಇದನ್ನು ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೀಯ ಎಂದು ನೀವು ಕೇಳಬಹುದು. ನಿಮ್ಮ ಕಚೇರಿಗೆ ಬಂದಿದ್ದೆ. ನಿಮ್ಮ ಆಪ್ತ ಸಹಾಯಕರು, "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಫೋನ್ ಮಾಡ್ಕೊಂಡು ಬನ್ನಿ" ಅಂದರು. ಮಾಡಿದೆ. ನಾನು ಸಾಲಿನಲ್ಲಿ ಏಳನೆಯವನು ಎಂದು ಯಂತ್ರ ಹೇಳಿತು. ಹಾಗೆ ಹೇಳಲು ಅದಕ್ಕೆ ಕಲಿಸಿದವನು ನಾನೇ ಆದ್ದರಿಂದ, ಆ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ನನಗೆ ಗೊತ್ತಿತ್ತು. ಫೋನ್ ಇಟ್ಟು ಪೆನ್ನು ಹಿಡಿದೆ.

ಓದುಗರಿಗೂ ವಿಷಯ ತಿಳಿಯಲಿ. ನಾನು ಟೆಲಿಫೋನ್ ಮೆಕ್ಯಾನಿಕ್. ಹತ್ತೊಂಬತ್ತು ವರ್ಷದಿಂದ ಕಚೇರಿಗಳಿಗೆ, ಗೋದಾಮುಗಳಿಗೆ ಫೋನ್ ವ್ಯವಸ್ಥೆ ಕೂರಿಸುತ್ತಿದ್ದೇನೆ. ಹೋದ ವರ್ಷ ಈ ಆಸ್ಪತ್ರೆಗೆ, ಬಂದ ಕರೆಯನ್ನು ತಾನೇ ಹಂಚುವ ಯಂತ್ರವನ್ನು ಕೂರಿಸಿದೆ. ಅದರಲ್ಲಿ ಗುಂಪುಗಳಿರುತ್ತವೆ: ತುರ್ತು, ಭೇಟಿ ನಿಗದಿ, ವಿಚಾರಣೆ, ಹೀಗೆ. ಪ್ರತಿ ಗುಂಪಿನಲ್ಲಿ ನಾಲ್ಕಾರು ಫೋನ್. ಕರೆ ಬಂದರೆ ಆ ಗುಂಪಿನಲ್ಲಿ ಯಾರು ಬಿಡುವಾಗಿದ್ದಾರೋ ಅವರ ಮೇಜಿನಲ್ಲಿ ರಿಂಗಾಗುತ್ತದೆ. ಯಾರೂ ಬಿಡುವಿಲ್ಲದಿದ್ದರೆ ಕರೆ ಸಾಲಿನಲ್ಲಿ ನಿಲ್ಲುತ್ತದೆ. ಇಷ್ಟು ಹೊತ್ತು ಮೀರಿದರೆ ಮುಂದಿನ ಗುಂಪಿಗೆ ಹೋಗಲಿ ಎಂದು ನಾವು ಹೇಳಿಟ್ಟಿರುತ್ತೇವೆ. ಯಂತ್ರ ಒಳ್ಳೆಯದೇ. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತದೆ. ಯಾರು ಹೇಳುತ್ತಾರೆ ಎಂಬುದರಲ್ಲಿದೆ ಎಲ್ಲ.

ಈ ಯಂತ್ರ ಬರುವ ಮುನ್ನ ಅದೇ ಕೆಲಸವನ್ನು ಒಬ್ಬ ಹೆಂಗಸು ಮಾಡುತ್ತಿದ್ದರು. ಮುಖ್ಯ ಬಾಗಿಲ ಪಕ್ಕದ ಗಾಜಿನ ಕಿಂಡಿಯ ಹಿಂದೆ, ಗುಂಡಿಗಳು ತುಂಬಿದ ಬೋರ್ಡಿನ ಮುಂದೆ, ಇಪ್ಪತ್ನಾಲ್ಕು ವರ್ಷ ಕೂತವರು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು 'ಬೋರ್ಡ್ ಅಕ್ಕ'. ಯಾವ ಕರೆ ಎಲ್ಲಿಗೆ ಹೋಗುತ್ತದೆಂದು ತಿಳಿಯಲು ನಾನು ಮೂರು ದಿನ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ.

"ಯಾವ ಕರೆ ಮೊದಲು ಕೊಡಬೇಕು ಅಂತ ಹೇಗೆ ಗೊತ್ತಾಗುತ್ತೆ ಅಕ್ಕ?" ಎಂದು ಕೇಳಿದೆ.

"ಕೂಗಾಡೋರು ಅರ್ಧ ನಿಮಿಷ ಕಾಯ್ತಾರಪ್ಪ. ಅವರಿಗೆ ಶಕ್ತಿ ಇದೆ," ಅಂದರು. "ಮೆತ್ತಗೆ, 'ತೊಂದ್ರೆ ಕೊಡ್ತಿದೀನೇನೋ' ಅಂತ ಶುರು ಮಾಡ್ತಾರೆ ನೋಡು, ಅವರನ್ನ ಮಾತ್ರ ನಿಲ್ಲಿಸಬಾರದು."

ಆ ಮಾತನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಯಂತ್ರದೊಳಗೆ ಅದನ್ನು ಬರೆಯುವ ಜಾಗ ಹುಡುಕಿದೆ. ಇರಲಿಲ್ಲ.

ಆಮೇಲೆ ನಿಮ್ಮ ಸಭೆ ನಡೆಯಿತು. ನಿಮಗೆ ನೆನಪಿರಲಿಕ್ಕಿಲ್ಲ, ಅಂಥ ಸಭೆಗಳು ನಿಮಗೆ ದಿನಕ್ಕೆ ಮೂರು. ನನಗೆ ಅದೊಂದೇ ಇದ್ದದ್ದು, ಹಾಗಾಗಿ ಅಕ್ಷರ ಅಕ್ಷರ ನೆನಪಿದೆ. ಗುಂಪುಗಳ ಪಟ್ಟಿಯನ್ನು ನೀವೇ ತಯಾರಿಸಿ ತಂದಿದ್ದಿರಿ. ತುರ್ತು ಗುಂಪಿನಲ್ಲಿ ನಾಲ್ಕು ಫೋನ್. ನಾಲ್ಕೂ ನರ್ಸ್‌ಗಳ ಮೇಜಿನವು. ಎರಡು ನಿಮಿಷದಲ್ಲಿ ಯಾರೂ ಎತ್ತದಿದ್ದರೆ ಕರೆ ಭೇಟಿ ನಿಗದಿ ಗುಂಪಿಗೆ ಹೋಗಬೇಕು, ಅಲ್ಲಿ ಎರಡು ನಿಮಿಷ ಕಳೆದರೆ ವಿಚಾರಣೆಗೆ, ಅಲ್ಲೂ ಎರಡು ನಿಮಿಷ ಕಳೆದರೆ ಮತ್ತೆ ತುರ್ತಿಗೆ.

"ಸಾರ್, ಇದು ಸುತ್ತುತ್ತಾನೇ ಇರುತ್ತೆ," ಅಂದೆ.

"ಕರೆ ಕಟ್ ಆಗಲ್ಲ ತಾನೆ?"

"ಕಟ್ ಆಗಲ್ಲ ಸಾರ್."

"ಕಟ್ ಆದ್ರೆ ರಿಪೋರ್ಟಲ್ಲಿ ಏನು ಬರುತ್ತೆ?"

"ಕೆಂಪು ಬರುತ್ತೆ."

"ಸುತ್ತಿದ್ರೆ?"

"ಹಸಿರೇ ಇರುತ್ತೆ."

"ಮತ್ತಿನ್ನೇನ್ರಿ," ಅಂದಿರಿ. ಸಭೆಯಲ್ಲಿ ಎಲ್ಲರೂ ತಲೆದೂಗಿದರು. ನಾನೂ ತಲೆ ಆಡಿಸಿದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಎದುರಿಗೆ ಚಹಾ, ಬಿಸ್ಕತ್ತು ಇತ್ತು, ಗುತ್ತಿಗೆಯ ಕಾಗದ ನಿಮ್ಮ ಕೈಯಲ್ಲಿತ್ತು.

ಇನ್ನೂ ಎರಡು ಅಪ್ಪಣೆ ಕೊಟ್ಟಿರಿ. ಯಂತ್ರ 'ನಮಸ್ಕಾರ' ಅಂದ ಕೂಡಲೇ ಕರೆಗೆ ಉತ್ತರ ಸಿಕ್ಕಿತು ಎಂದು ಲೆಕ್ಕ ಹಿಡಿಯಬೇಕು ಎಂಬುದು ಒಂದು. ಎಂಥ ದೂರದೃಷ್ಟಿ. ಇದರಿಂದ ಜಗತ್ತಿನ ಯಾವ ಕರೆಯೂ ಉತ್ತರವಿಲ್ಲದೆ ಉಳಿಯುವುದಿಲ್ಲ. ನಿಮ್ಮ ಆ ಹೆಮ್ಮೆಯ ನಾಲ್ಕು ಸೆಕೆಂಡು ಬಂದದ್ದು ಅಲ್ಲಿಂದ. ಇನ್ನೊಂದು, ಮೂರು ಸಲ ರಿಂಗಾದರೂ ಫೋನ್ ಎತ್ತದ ಸಿಬ್ಬಂದಿಯನ್ನು ಯಂತ್ರ ತಾನಾಗಿಯೇ ಗುಂಪಿನಿಂದ ಹೊರಗೆ ಹಾಕಬೇಕು. ಶಿಸ್ತು ಬರಲಿ ಎಂದು. ತುರ್ತು ವಿಭಾಗದ ನರ್ಸ್ ಫೋನ್ ಎತ್ತುವುದಿಲ್ಲ ಎಂದರೆ ಅವರ ಕೈ ಯಾರದೋ ಎದೆಯ ಮೇಲಿದೆ ಎಂದರ್ಥ, ಇದು ಮಗುವಿಗೂ ಹೊಳೆಯುತ್ತದೆ. ಯಂತ್ರಕ್ಕೆ ಹೊಳೆಯುವುದಿಲ್ಲ. ಅದು ಹೊರಗೆ ಹಾಕಿತು. ಮತ್ತೆ ಒಳಗೆ ಬರಬೇಕಾದರೆ ಒಂದು ಕೋಡ್ ಒತ್ತಬೇಕು. ಕೋಡ್ ಇರುವುದು ನಿಮ್ಮ ಕಚೇರಿಯಲ್ಲಿ. ಬೇಕಾದವರು ಅರ್ಜಿ ಬರೆಯಬೇಕು. ಅರ್ಜಿ ಮಧ್ಯಾಹ್ನ ನಾಲ್ಕರ ನಂತರ ಪರಿಶೀಲನೆಯಾಗುತ್ತದೆ. ಹೀಗಾಗಿ ಬೆಳಗಿನ ಹತ್ತೂವರೆಗೆಲ್ಲ ನಿಮ್ಮ ತುರ್ತು ಗುಂಪಿನಲ್ಲಿ ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಉಳಿದೆರಡು ಗುಂಪುಗಳದೂ ಅದೇ ಕಥೆ. ವರದಿ ಮಾತ್ರ ಎಲೆಯಷ್ಟು ಹಸಿರು. ಅದಕ್ಕೆ ನಿಮಗೆ ಉತ್ತಮ ಸೇವೆಯ ಫಲಕ ಬಂತು. ಬೋರ್ಡ್ ಅಕ್ಕನ ಗಾಜಿನ ಕಿಂಡಿಗೆ ಹಲಗೆ ಹೊಡೆದು ಅದರ ಮೇಲೆ ಆ ಫಲಕವನ್ನು ತೂಗುಹಾಕಿದಿರಿ. ಅಕ್ಕನನ್ನು ಕೆಳಮಹಡಿಯ ದಾಖಲೆ ಕೊಠಡಿಗೆ, ಹಳೆಯ ಕಡತಗಳ ಧೂಳು ಒರೆಸಲು ಕಳಿಸಿದಿರಿ. ಆದರೆ ಅವರ ದನಿ ಚೆನ್ನಾಗಿದೆ ಎಂದು, "ನಿಮ್ಮ ಕರೆ ಸಾಲಿನಲ್ಲಿದೆ, ದಯವಿಟ್ಟು ಕಾಯಿರಿ, ಫೋನ್ ಇಟ್ಟರೆ ನಿಮ್ಮ ಸರದಿ ತಪ್ಪುತ್ತದೆ" ಎಂಬುದನ್ನು ಮಾತ್ರ ಅವರಿಂದಲೇ ಹೇಳಿಸಿ ಯಂತ್ರಕ್ಕೆ ತುಂಬಿಸಿಕೊಂಡಿರಿ. ಮನುಷ್ಯರಲ್ಲಿ ಉಪಯೋಗಕ್ಕೆ ಬರುವ ಭಾಗವನ್ನು ಇಟ್ಟುಕೊಂಡು ಉಳಿದದ್ದನ್ನು ಕೆಳಗೆ ಕಳಿಸುವ ಕಲೆ ಎಲ್ಲರಿಗೂ ಸಿದ್ಧಿಸುವುದಿಲ್ಲ.

ಈಗ ನನ್ನ ಮನೆಯ ಮಾತು.

ನನ್ನ ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ಕೆಲಸದವಳು. ಸಣ್ಣ ಸ್ಕ್ರೂಗಳ ಜೊತೆ ದಿನವಿಡೀ ಕಳೆಯುವುದಕ್ಕೋ ಏನೋ, ಮಾತೂ ಸಣ್ಣದು. ಹೋಟೆಲಿನಲ್ಲಿ ನೀರು ಕೇಳುವಾಗಲೂ ಎರಡು ಸಲ ಯೋಚಿಸುತ್ತಾಳೆ. ಅವಳ ಪಿತ್ತಕೋಶದ ಕಲ್ಲನ್ನು ನಿಮ್ಮಲ್ಲೇ ತೆಗೆಸಿ ಮನೆಗೆ ಕರೆತಂದಿದ್ದೆ. ಬಿಡುಗಡೆಯ ಕಾಗದದ ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಜ್ವರ, ವಿಪರೀತ ಹೊಟ್ಟೆನೋವು ಬಂದರೆ ತಕ್ಷಣ ತುರ್ತು ಸಂಖ್ಯೆಗೆ ಕರೆ ಮಾಡಿ. ಐದನೆಯ ದಿನ ಮಧ್ಯಾಹ್ನ ಎರಡೂ ಮೂವತ್ತೈದಕ್ಕೆ ಜ್ವರವೂ ನೋವೂ ಒಟ್ಟಿಗೆ ಬಂದವು. ಅವಳು ಕಾಗದದಲ್ಲಿದ್ದಂತೆಯೇ ಮಾಡಿದಳು.

ನಾನು ಊರಿನ ಇನ್ನೊಂದು ತುದಿಯ ಗೋದಾಮಿನಲ್ಲಿ ತಂತಿ ಎಳೆಯುತ್ತಿದ್ದೆ. ಎರಡೂ ಮುಕ್ಕಾಲಿಗೆ, ಊಟ ಮಾಡಿದಳೋ ಇಲ್ಲವೋ ಕೇಳೋಣ ಎಂದು ಅವಳ ಮೊಬೈಲಿಗೆ ಫೋನ್ ಮಾಡಿದೆ. ಲೈನ್ ಬ್ಯುಸಿ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಬ್ಯುಸಿ. ತಂಗಿಯ ಜೊತೆ ಹರಟುತ್ತಿದ್ದಾಳೆ, ಹುಷಾರಾಗಿದ್ದಾಳೆ ಎಂದು ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಬರಬೇಕಿದ್ದ ತಂತಿಯ ಸುರುಳಿ ಅವತ್ತು ಬರಲಿಲ್ಲ, ಹಾಗಾಗಿ ಬೇಗ ಹೊರಟೆ. ಆ ಸುರುಳಿ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುವುದನ್ನು ನಾನು ಬಿಟ್ಟಿದ್ದೇನೆ.

ಮೂರೂ ಇಪ್ಪತ್ತೇಳಕ್ಕೆ ಬಾಗಿಲು ತೆಗೆದಾಗ ಅವಳು ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೈ ಕೆಂಡ. ತುಟಿ ಬಿಳಿಚಿತ್ತು. ಮಡಿಲಲ್ಲಿ ಮೊಬೈಲು, ಸ್ಪೀಕರಿನಲ್ಲಿ ನಾನೇ ಆರಿಸಿ ಹಾಕಿದ್ದ ಕೊಳಲಿನ ಸಂಗೀತ.

"ಎಷ್ಟೊತ್ತಿಂದ?" ಎಂದೆ.

"ಒಂದು ಗಂಟೆ ಆಗ್ತಾ ಬಂತೇನೋ," ಅಂದಳು. "ಇನ್ನೇನು ಎತ್ತುತಾರೆ. ನೀವೇ ಮಾಡಿದ್ದಲ್ವಾ, ಎತ್ತೇ ಎತ್ತುತಾರೆ."

"ಇಟ್ಟು ನನಗೆ ಫೋನ್ ಮಾಡಬಾರದಿತ್ತಾ?"

"ಇಟ್ರೆ ಸರದಿ ತಪ್ಪುತ್ತೆ ಅಂತ ಆ ಅಕ್ಕ ಹೇಳ್ತಾನೇ ಇದ್ರು. ಅಷ್ಟು ಸಲ ಹೇಳ್ತಿರುವಾಗ ಮಧ್ಯದಲ್ಲಿ ಇಟ್ರೆ ಅವರಿಗೆ ಬೇಜಾರಾಗಲ್ವಾ?"

ಕರೆಯನ್ನು ನಾನೇ ಕಡಿದೆ. ಪಕ್ಕದ ಮನೆಯವರ ಕಾರಿನಲ್ಲಿ ಅವಳನ್ನು ಮಲಗಿಸಿಕೊಂಡು ಬಂದೆ. ತುರ್ತು ವಿಭಾಗದ ನರ್ಸ್ ಒಂದು ಕ್ಷಣವೂ ತಡಮಾಡಲಿಲ್ಲ, ಅವರಿಗೆ ನನ್ನ ಕೈಮುಗಿತ ಇಲ್ಲೇ ಸಲ್ಲಲಿ. ನಾಡಿ ಹಿಡಿದವರೇ ನನ್ನನ್ನು ಬೈದರು.

"ಒಂದು ಫೋನ್ ಮಾಡಿ ಬರೋದಲ್ವಾ? ಸರ್ಜನ್ ಮೂರೂವರೆವರೆಗೂ ಮೇಲೇ ಇದ್ರು. ಈಗ ತಾನೆ ಬೇರೆ ಆಸ್ಪತ್ರೆಗೆ ಹೋದ್ರು. ಹೇಳಿದ್ರೆ ನಿಲ್ಲಿಸ್ತಿದ್ವಿ."

ಅವರ ಮೇಜಿನ ಮೇಲೆ ಫೋನ್ ತೆಪ್ಪಗೆ ಕೂತಿತ್ತು. ಅದರ ಮೂಲೆಯ ಸಣ್ಣ ದೀಪ ಕೆಂಪಗಿತ್ತು, ಗುಂಪಿನಿಂದ ಹೊರಗೆ ಎಂದು. ಆ ದೀಪ ಯಾವ ಬಣ್ಣದಲ್ಲಿ ಯಾವಾಗ ಹೊತ್ತಬೇಕೆಂದು ಹೇಳಿಕೊಟ್ಟವನು ನಾನು.

ಸರ್ಜನ್ ವಾಪಸ್ ಬರುವಾಗ ಐದು ದಾಟಿತ್ತು. ಒಳಗೆ ಪಿತ್ತರಸ ಸೋರಿ ಕೀವಾಗಿತ್ತು. ಹೊಟ್ಟೆಯನ್ನು ಮತ್ತೆ ತೆರೆದರು. ಹದಿನೇಳು ದಿನ ನಿಮ್ಮ ಆಸ್ಪತ್ರೆಯಲ್ಲಿ, ಅದರಲ್ಲಿ ಆರು ದಿನ ಆಕೆಗೆ ನನ್ನ ಗುರುತೇ ಹತ್ತದ ಸ್ಥಿತಿಯಲ್ಲಿ. ಬದುಕಿದಳು. ಈಗ ದಿನಕ್ಕೆ ಅರ್ಧ ಹೊತ್ತು ಅಂಗಡಿಗೆ ಹೋಗುತ್ತಾಳೆ, ಸ್ಕ್ರೂ ತಿರುಗಿಸುವಾಗ ಕೈ ಸ್ವಲ್ಪ ನಡುಗುತ್ತದಂತೆ. ಸರ್ಜನ್ ನನ್ನನ್ನು ಪಕ್ಕಕ್ಕೆ ಕರೆದು, ಎರಡು ಗಂಟೆ ಮೊದಲು ಸಿಕ್ಕಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದರು. ಅವರು ನನಗೆ ಸಮಾಧಾನ ಹೇಳುತ್ತಿದ್ದರೋ ಸತ್ಯ ಹೇಳುತ್ತಿದ್ದರೋ ಈಗಲೂ ತಿಳಿಯದು.

ಅವಳು ಪ್ರಜ್ಞೆಯಿಲ್ಲದೆ ಮಲಗಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಫೋನ್ ಯಂತ್ರದ ಕೋಣೆಗೆ ಹೋಗಿ ಆ ಕರೆಯ ದಾಖಲೆ ತೆಗೆದೆ. ಓದಲು ಬಹಳ ಸೊಗಸಾಗಿದೆ. ಉತ್ತರ ಸಿಕ್ಕಿದ್ದು: ನಾಲ್ಕನೆಯ ಸೆಕೆಂಡಿನಲ್ಲಿ. ಯಶಸ್ವಿ ವರ್ಗಾವಣೆ: ಇಪ್ಪತ್ತೈದು ಬಾರಿ. ಎಂಟು ಸುತ್ತು ಮುಗಿಸಿ ಒಂಬತ್ತನೆಯ ಸುತ್ತಿನಲ್ಲಿದ್ದಳು. ಕೊನೆಯಲ್ಲಿ: ಕರೆ ಮಾಡಿದವರೇ ಮುಕ್ತಾಯಗೊಳಿಸಿದರು, ಸೇವೆ ಪೂರ್ಣ. ಬಣ್ಣ ಹಸಿರು. ಮಾನ್ಯರೇ, ನನ್ನ ಹೆಂಡತಿ ಸತ್ತಿದ್ದರೂ ಅದು ಹಸಿರಾಗಿಯೇ ಇರುತ್ತಿತ್ತು ಎಂಬುದನ್ನು ನೀವು ಗಮನಿಸಬೇಕು. ತಿಂಗಳ ಸರಾಸರಿಗೆ ಅವಳಿಂದ ಯಾವ ಕುಂದೂ ಬರುತ್ತಿರಲಿಲ್ಲ.

ಬೋರ್ಡ್ ಅಕ್ಕನಿಗೆ ವಿಷಯ ಹೇಗೋ ಮುಟ್ಟಿತು. ನನ್ನ ಹೆಂಡತಿಗೆ ಎಚ್ಚರ ಬಂದ ಎರಡನೆಯ ದಿನ ವಾರ್ಡಿಗೆ ಬಂದರು. ಸೆರಗಿನಲ್ಲಿ ಕಡತದ ಧೂಳು. ಮಂಚದ ಪಕ್ಕ ನಿಂತು, "ಹೇಗಿದೀಯಮ್ಮ?" ಅಂದರು. ನನ್ನ ಹೆಂಡತಿ ತಟ್ಟನೆ ತಲೆ ತಿರುಗಿಸಿದಳು. ದನಿ ಗುರುತಾಗಿತ್ತು.

"ನೀವಾ? ನೀವೊಬ್ರೇ ಅವತ್ತು ಜೊತೇಲಿದ್ದಿದ್ದು," ಅಂದಳು.

ಅವಳು ಅದನ್ನು ಕೃತಜ್ಞತೆಯಿಂದ ಹೇಳಿದಳು. ಅದೇ ಅಕ್ಕನಿಗೆ ತಡೆಯಲಾಗಲಿಲ್ಲ.

"ನಾನಲ್ಲಮ್ಮ ಅದು," ಅಂದರು. "ನಾನಾಗಿದ್ರೆ ನಿನ್ನ ಕಾಯಿ ಅಂತಿರ್ಲಿಲ್ಲ." ಅಷ್ಟು ಹೇಳಿ ಸ್ಟೂಲಿನ ಮೇಲೆ ಕುಸಿದು ಕೂತರು. ಇಪ್ಪತ್ನಾಲ್ಕು ವರ್ಷ ಎಷ್ಟೋ ಜನರ ಅಳು ಕೇಳಿದ ಹೆಂಗಸು ನನ್ನ ಹೆಂಡತಿಯ ಕೈ ಹಿಡಿದುಕೊಂಡು ತಾವೇ ಅತ್ತರು. ಅವಳು ಅರ್ಧ ನಿದ್ದೆಯಲ್ಲೇ ಅವರ ಬೆನ್ನು ಸವರಿದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗುವ ಮುಖ ನನಗಿರಲಿಲ್ಲ.

ಮಾರನೆಯ ದಿನದಿಂದಲೇ ಸರಾಸರಿ ಸಮಯ ಏರಲು ಶುರುವಾಯಿತು. ನಿಮ್ಮ ನೋಟಿಸಿನ ಪ್ರಶ್ನೆಗೆ ಉತ್ತರ ಇಲ್ಲಿದೆ, ದಯವಿಟ್ಟು ಕೆಂಪು ಪೆನ್ನಿನಿಂದ ಗೆರೆ ಎಳೆದುಕೊಳ್ಳಿ. ಯಾರ ಅನುಮತಿಯನ್ನೂ ಕೇಳದೆ ತುರ್ತು ಗುಂಪನ್ನು ನಾನು ಬದಲಾಯಿಸಿದೆ. ನರ್ಸ್‌ಗಳನ್ನು ಹೊರಗೆ ಹಾಕುವ ಶಿಸ್ತನ್ನು ತೆಗೆದೆ. ಗುಂಪಿನಿಂದ ಗುಂಪಿಗೆ ಸುತ್ತುವ ದಾರಿ ಮುಚ್ಚಿದೆ. ತುರ್ತು ಕರೆಗೆ ಮನುಷ್ಯರು ಮಾತಾಡಿದರೆ ಮಾತ್ರ ಉತ್ತರ ಸಿಕ್ಕಿತು ಎಂದು ಲೆಕ್ಕ ಹಿಡಿಯುವಂತೆ ಮಾಡಿದೆ. ಆ ಗುಂಪಿಗೆ ಮೊದಲ ಫೋನಾಗಿ, ಪಟ್ಟಿಯಿಂದ ಅಳಿಸಲು ಎಲ್ಲರೂ ಮರೆತಿದ್ದ ಒಂದು ಫೋನನ್ನು ಸೇರಿಸಿದೆ. ಅದಿರುವುದು ದಾಖಲೆ ಕೊಠಡಿಯಲ್ಲಿ, ಕಡತಗಳ ಕಪಾಟಿನ ಪಕ್ಕ.

ನಲವತ್ತು ದಿನದಿಂದ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ನಿಮ್ಮ ಆಸ್ಪತ್ರೆಯ ತುರ್ತು ಕರೆಗಳನ್ನು ಬೋರ್ಡ್ ಅಕ್ಕ ಎತ್ತುತ್ತಿದ್ದಾರೆ. ಕೊಠಡಿಯ ಕಿಟಕಿಯಿಂದ ಓಣಿಯಾಚೆ ತುರ್ತು ವಿಭಾಗದ ಕಿಟಕಿ ಕಾಣುತ್ತದೆ. ಕರೆ ಬಂದರೆ ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದು ಕೈಯಲ್ಲಿ ಉದ್ದನೆಯ ಅಡಿಕೋಲಿನಿಂದ ತಮ್ಮ ಕಿಟಕಿಯ ಗಾಜು ಬಡಿಯುತ್ತಾರೆ. ಆಚೆ ಯಾರಾದರೊಬ್ಬರು ತಲೆ ಹಾಕುತ್ತಾರೆ. ನಿಮ್ಮ ಆಧುನಿಕ ವ್ಯವಸ್ಥೆ ಸದ್ಯ ಆ ಅಡಿಕೋಲಿನ ಮೇಲೆ ನಿಂತಿದೆ. ನಾನು ಅಲ್ಲಿದ್ದ ಒಂದು ದಿನ ಸಣ್ಣ ಹುಡುಗಿಯೊಬ್ಬಳು ಫೋನ್ ಮಾಡಿ, ಅಜ್ಜಿ ಎದ್ದೇಳುತ್ತಿಲ್ಲ ಅಂದಳು. ಅಕ್ಕ ಗಾಜು ಬಡಿಯುತ್ತಲೇ, "ಅಜ್ಜಿ ಉಸಿರಾಡ್ತಿದ್ದಾರಾ ನೋಡು ಮಗಳೇ. ಆಡ್ತಿದ್ದಾರಾ? ಜಾಣೆ. ಹೋಗಿ ಬೀದಿ ಬಾಗಿಲು ತೆಗೆದಿಟ್ಟು ಬಾ, ಫೋನ್ ಇಡಬೇಡ, ನಾನಿಲ್ಲೇ ಇರ್ತೀನಿ" ಅಂದರು. ಆಂಬುಲೆನ್ಸ್ ಆ ಮನೆ ಮುಟ್ಟುವವರೆಗೂ ಅವಳ ಶಾಲೆಯ ಬಗ್ಗೆ ಕೇಳುತ್ತಾ ಕೂತರು. ಅಜ್ಜಿ ಉಳಿದರು. ಹೀಗೆ ಸಿಕ್ಕ ಸರಾಸರಿ ಹನ್ನೊಂದು ಸೆಕೆಂಡು. ಇದರಲ್ಲಿ ಕಡತ ಕೆಳಗಿಟ್ಟು ಫೋನಿನ ಬಳಿ ಬರುವ ಅವರ ಮಂಡಿನೋವಿನ ಪಾಲೂ ಇದೆ. ಕ್ಷಮಿಸಬೇಕು.

ಸಂಜೆ ಐದಕ್ಕೆ ಅಕ್ಕ ಮನೆಗೆ ಹೋಗುತ್ತಾರೆ. ಆಮೇಲೆ ಬಂದ ಕರೆ ನರ್ಸ್‌ಗಳ ಮೇಜಿನಲ್ಲೇ ರಿಂಗಾಗುತ್ತದೆ. ಕೈ ಖಾಲಿಯಿದ್ದರೆ ಎತ್ತುತ್ತಾರೆ, ಇಲ್ಲದಿದ್ದರೆ ಇಲ್ಲ. ಆ ಹದಿನಾರು ಗಂಟೆಗೆ ಕೂರಿಸಲು ನನ್ನ ಬಳಿ ಯಾರೂ ಇಲ್ಲ. ನಿಮ್ಮ ಬಳಿ ಇದ್ದಾರೆ. ಅಥವಾ ಐದರ ನಂತರ ಸಾರ್ವಜನಿಕರು ಕಾಯಿಲೆ ಬೀಳಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ, ಅದರಲ್ಲಿ ನೀವು ನುರಿತವರು.

ಅಕ್ಕನಿಗೆ ನೋಟಿಸ್ ಕೊಡುವ ಆಲೋಚನೆ ಬಂದಿದ್ದರೆ ಒಂದು ಮಾತು. ಅವರು ಮಾಡಿದ್ದಿಷ್ಟೇ: ತಮ್ಮ ಕೊಠಡಿಯಲ್ಲಿ ಫೋನ್ ರಿಂಗಾಯಿತು, ಎತ್ತಿದರು. ರಿಂಗಾದ ಫೋನ್ ಎತ್ತುವುದು ಯಾವ ನಿಯಮದಡಿ ತಪ್ಪು? ಯಂತ್ರದಲ್ಲಿ ಕೈ ಆಡಿಸಿದವನು ನಾನು. ನಿಮ್ಮ ಸಭೆಯಲ್ಲಿ ಬಾಯಿ ಮುಚ್ಚಿಕೊಂಡವನೂ ನಾನೇ. ಮೊದಲನೆಯದಕ್ಕೆ ನೀವು ಶಿಕ್ಷೆ ಕೊಡಿ. ಎರಡನೆಯದಕ್ಕೆ ಮನೆಯಲ್ಲಿ ಪ್ರತಿದಿನ ಸಿಗುತ್ತಿದೆ, ಅದೂ ಒಂದು ಕೆಟ್ಟ ಮಾತಿಲ್ಲದೆ. ಅವಳು ಇವತ್ತಿಗೂ ನನ್ನನ್ನು ದೂರಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ತುರ್ತು ಸಂಖ್ಯೆಗೆ ಮೂರು ಪಾಳಿಯಲ್ಲಿ, ಬೇರೆ ಕೆಲಸವಿಲ್ಲದ, ಕಿವಿ ಇರುವ ಮೂವರು ಮನುಷ್ಯರು ಬೇಕು. ಅವರಿಗೆ ಕಲಿಸಲು ಬೋರ್ಡ್ ಅಕ್ಕನನ್ನು ಮೇಲಕ್ಕೆ ಕರೆತನ್ನಿ. ನಿವೃತ್ತಿಗೆ ಅವರಿಗಿನ್ನು ಎರಡೇ ವರ್ಷ. ಯಂತ್ರ ಇರಲಿ, ನನಗೆ ಅದರ ಮೇಲೆ ಕೋಪವಿಲ್ಲ. ಮತ್ತೆ ಇದನ್ನೆಲ್ಲ ತೀರ್ಮಾನಿಸುವ ಮೊದಲು ನಿಮ್ಮ ಹುದ್ದೆ ಹೇಳದೆ, ನಿಮ್ಮ ಮನೆಯ ಫೋನಿನಿಂದ, ಭೇಟಿ ನಿಗದಿ ಗುಂಪಿಗೆ ಒಂದು ಕರೆ ಮಾಡಿ. ಅದನ್ನು ನಾನು ಮುಟ್ಟಿಲ್ಲ, ನೀವು ಹೇಳಿದಂತೆಯೇ ಇದೆ. ನಿಮ್ಮ ಕೊಠಡಿಯ ಫೋನ್ ಯಾವ ಗುಂಪಿನಲ್ಲೂ ಇಲ್ಲದ ಕಾರಣ ಈ ಅನುಭವ ನಿಮಗೆ ಹೊಸದಾಗಿರಬಹುದು.

ಇದ್ಯಾವುದೂ ಆಗದು, ಹಳೆಯ ನಾಲ್ಕು ಸೆಕೆಂಡೇ ಬೇಕು ಎಂದರೆ ಅದೂ ಆಗುತ್ತದೆ. ಎರಡು ನಿಮಿಷದ ಕೆಲಸ. ನನ್ನ ಗುತ್ತಿಗೆ ರದ್ದಾದರೂ ನಾನೇ ಬಂದು ಮಾಡಿಕೊಡುತ್ತೇನೆ. ಆದರೆ ಅದಕ್ಕೊಂದು ಲಿಖಿತ ಆದೇಶ ಬೇಕು. 'ತುರ್ತು ಕರೆಯನ್ನು ಮನುಷ್ಯರು ಎತ್ತಬೇಕಾಗಿಲ್ಲ' ಎಂದು ಒಂದೇ ಒಂದು ಸಾಲು ಬರೆದು, ಕೆಳಗೆ ಸಹಿ ಹಾಕಿ, ಮೊಹರು ಒತ್ತಿ ಕಳಿಸಿ. ಅದರ ಪ್ರತಿಯನ್ನು ಬಿಡುಗಡೆಯ ಕಾಗದದಲ್ಲಿ, ದಪ್ಪಕ್ಷರದ ಆ ಸಂಖ್ಯೆಯ ಪಕ್ಕದಲ್ಲೇ ಅಚ್ಚು ಹಾಕಿಸಿ, ಮನೆಗೆ ಹೋಗುವ ಪ್ರತಿ ರೋಗಿಯ ಕೈಯಲ್ಲಿ ಕೊಡಿ. ಮೂರು ದಿನ ನಿಮಗೂ ಸಾಕಾಗಬಹುದು.

ಇಂತಿ,
ಹೇಳಿದಷ್ಟೂ ಮಾಡಿದ್ದಕ್ಕೆ ನಾಚಿಕೆಪಡುತ್ತಿರುವ,
ಹೇಳದೆ ಮಾಡಿದ್ದಕ್ಕೆ ನೋಟಿಸ್ ಪಡೆದಿರುವ,
ನಿಮ್ಮ ಆಸ್ಪತ್ರೆಯ ಟೆಲಿಫೋನ್ ಮೆಕ್ಯಾನಿಕ್